ಯಜಮಾನಿಯ ಮೂವತ್ತೆಂಟು ಗಿರಾಕಿಗಳು

ಜನವರಿ ೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ನಿನ್ನ ಅಕ್ಕ, ಭಾವ ಆರಾಮವೇ? ಇಷ್ಟು ದಿನ ಒಂದು ಸಾಲೂ ಬರೆಯದೆ ಸುಮ್ಮನಿದ್ದ ಗಂಡನನ್ನು ಮೊದಲು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ನೀನು ಹೋಗಿ ಏಳು ವಾರವಾಯಿತು. ಫೋನಿನಲ್ಲಿ ನೀನಾಡುವುದು ಎರಡೇ ಮಾತು, "ಹ್ಞೂಂ" ಮತ್ತು "ಸರಿ". ಮೂರನೆಯದಕ್ಕೆ ಫೋನು ಅಕ್ಕನ ಕೈಗೆ ಹೋಗುತ್ತದೆ, ಅವರು ತಮ್ಮ ಮಂಡಿನೋವಿನ ಕಥೆ ಶುರುಮಾಡುತ್ತಾರೆ. ಕಾಗದವಾದರೆ ನೀನು ಪೂರ್ತಿ ಓದುತ್ತೀಯ ಎಂಬ ಧೈರ್ಯದಲ್ಲಿ ಕೂತಿದ್ದೇನೆ.

ಹೋಗುವ ದಿನ ನೀನು, "ನನ್ನ ಕೈ ಕೆಲಸ ಮುಗೀತು, ಅಂಗಡಿ ಮುಚ್ಚಿಬಿಡಿ" ಅಂದೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು, ಕುರಿಯೂ ಆಡಿಸುತ್ತದೆ. ಅಂಗಡಿ ಮುಚ್ಚಿಲ್ಲ ಕಣೇ. ಹನ್ನೊಂದು ವರ್ಷದಲ್ಲಿ ಒಬ್ಬೊಬ್ಬರನ್ನಾಗಿ ನೀನು ಸೇರಿಸಿಟ್ಟ ಮೂವತ್ತೆಂಟು ಗಿರಾಕಿಗಳನ್ನು ಒಂದೇ ದಿನದಲ್ಲಿ ಬೀದಿಗೆ ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ನಿನಗಾದ ಅಲರ್ಜಿಗೆ ಉಗುರಿನ ಜೆಲ್ ಬಣ್ಣ ಇನ್ನು ಜೀವಮಾನದಲ್ಲಿ ನಿನ್ನ ಚರ್ಮಕ್ಕೆ ತಾಕಬಾರದು ಎಂದು ಡಾಕ್ಟರು ಹೇಳಿದರು, ಸರಿ. ಅಂಗಡಿಯ ಬಾಗಿಲು ನಿನಗೆ ತಾಕಬಾರದು ಅಂತೇನೂ ಹೇಳಲಿಲ್ಲವಲ್ಲ. ನೀನು ವಾಪಸು ಬರುವ ದಿನ ಅವರೆಲ್ಲ ಇಲ್ಲಿರಬೇಕು. ನಿಜ ಹೇಳಬೇಕೆಂದರೆ, ಅವರಿದ್ದರೆ ನೀನು ವಾಪಸು ಬರುತ್ತೀಯ ಅನ್ನುವ ಆಸೆ.

ಈಗ ಅಂಗಡಿ ಹೀಗಿದೆ. ಹತ್ತೂವರೆಗೆ ಬಿಸಿಲು ಎದುರು ಕಟ್ಟಡದ ಕಿಟಕಿಗೆ ಬಡಿದು ನಮ್ಮ ಗೋಡೆಗೆ ಬರುತ್ತದಲ್ಲ, ಉಗುರುಬಣ್ಣದ ಬಾಟಲಿಗಳ ಸಾಲಿನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ನಡೆಯುತ್ತದಲ್ಲ, ಅಷ್ಟು ಹೊತ್ತು ನಾನು ಏನೂ ಮಾಡುವುದಿಲ್ಲ. ಸುಮ್ಮನೆ ನೋಡುತ್ತೇನೆ. ಕೆಂಪು ಬಾಟಲಿಗಳನ್ನು ದಾಟಿ ಅದು ತಿಳಿಗುಲಾಬಿಗೆ ಬಂದಾಗ ಇಡೀ ಕೋಣೆ ಯಾರದೋ ಕೆನ್ನೆಯ ಒಳಗಿರುವ ಹಾಗೆ ಆಗುತ್ತದೆ. ನೀನು ಹನ್ನೊಂದು ವರ್ಷ ಇದರ ನಡುವೆ ಕೂತಿದ್ದರೂ ಒಂದು ದಿನ ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ, ಆಗ ಏಣಿಯ ಮೇಲೆ ಯಾವುದೋ ಅಂಗಡಿಯ ಹೆಸರು ಬರೆಯುತ್ತಿರುತ್ತಿದ್ದೆ. ಆಮೇಲೆ ಮಷೀನು ಬಂತು, ಅಷ್ಟಗಲದ ಪ್ಲಾಸ್ಟಿಕ್ ಬಟ್ಟೆಯ ಮೇಲೆ ಅರ್ಧ ಗಂಟೆಯಲ್ಲಿ ಹೆಸರು ಅಚ್ಚಾಗತೊಡಗಿತು, ನನ್ನ ಕುಂಚಗಳು ಡಬ್ಬಿ ಸೇರಿದವು. ನೀನು ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ಪಕ್ಕದಲ್ಲಿ ಕೂತು, ಪ್ಲಾಸ್ಟಿಕ್ ಕೈಯೊಂದನ್ನು ನನ್ನ ಮುಂದಿಟ್ಟು, ಎರಡು ತಿಂಗಳು ಬಾಯಲ್ಲೇ ಕಲಿಸಿದೆಯಲ್ಲ, ಆ ಕೈ ಈಗಲೂ ಕಿಟಕಿಯಲ್ಲಿದೆ. ಪಾಪ, ಅದಕ್ಕೆ ನೋವಾಗುತ್ತಿದ್ದರೆ ನಮ್ಮ ಮೇಲೆ ಪೊಲೀಸರಿಗೆ ದೂರು ಕೊಡುತ್ತಿತ್ತು.

ಸರಿ, ಎಡವಟ್ಟಿನ ಸುದ್ದಿಗೆ ಬರುತ್ತೇನೆ. ಹೋದ ಬುಧವಾರ ನಿನ್ನ ಬ್ಯಾಂಕಿನಮ್ಮ ಬಂದರು. ಕೌಂಟರಿನಲ್ಲಿ ಕೂರುವವರು, ಬೆಳಗಿನಿಂದ ಸಂಜೆಯವರೆಗೆ ಜನ ಅವರ ಮುಖಕ್ಕಿಂತ ಕೈಯನ್ನೇ ಹೆಚ್ಚು ನೋಡುತ್ತಾರೆ ಎಂದು ನೀನೇ ಹೇಳುತ್ತಿದ್ದೆ. ನಾನು ಬಣ್ಣ ಬಳಿಯುವುದನ್ನು ಎರಡು ಸಲ ಪರೀಕ್ಷೆ ಮಾಡಿ ನೋಡಿದ್ದರು. ಈ ಸಲ ಧೈರ್ಯ ಮಾಡಿ, "ಒಂದು ಚಿತ್ರ ಹಾಕಿ ಅಣ್ಣ, ಪುಟ್ಟದು" ಅಂದರು. ಚಿತ್ರ ಅಂದಕೂಡಲೇ ನನ್ನ ಎದೆ ಎಷ್ಟು ಅಗಲವಾಯಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು. ಹತ್ತು ಉಗುರಿನ ಮೇಲೆ ಹತ್ತು ಹಾಯಿದೋಣಿ ಬಿಡಿಸಿದೆ. ಬಿಳಿ ಹಾಯಿ, ಕೆಳಗೆ ನೂಲಿನಷ್ಟು ನೀಲಿ ನೀರು. ದೀಪದಡಿ ಒಣಗಿಸಿ, ಎಣ್ಣೆ ಹಚ್ಚಿ, ಬೆನ್ನು ಒರಗಿಸಿ ಕೂತೆ. ಅವರು ಕೈ ಎತ್ತಿ ಮುಖದ ಮುಂದೆ ಹಿಡಿದುಕೊಂಡರು. ಹುಬ್ಬು ಗಂಟಾಯಿತು.

"ಇದೇನ್ರೀ ಇದು! ನನ್ನ ದೋಣಿಗಳೆಲ್ಲ ಮುಳುಗ್ತಾ ಇವೆ!"

ಎಲ್ಲವೂ ತಲೆಕೆಳಗು. ಮೂವತ್ತು ವರ್ಷ ಬೋರ್ಡು ಬರೆದ ಬುದ್ಧಿ ನೋಡು. ಬೋರ್ಡನ್ನು ಓದುವುದು ಬೀದಿಯಲ್ಲಿ ನಿಂತವನು, ಒಳಗೆ ಕೂತ ಅಂಗಡಿಯವನಲ್ಲ. ನಾನು ನನ್ನ ಕಡೆಯಿಂದ ನೇರವಾಗಿ ಬಿಡಿಸಿದ್ದೆ. ಉಗುರಿಗೆ ಒಡತಿಯೊಬ್ಬಳಿದ್ದಾಳೆ, ಅವಳು ಆ ಕಡೆ ಕೂತಿದ್ದಾಳೆ ಎಂಬುದೇ ನನಗೆ ಹೊಳೆಯಲಿಲ್ಲ. ಅವರಿಗೆ ಕೆಲಸಕ್ಕೆ ಹೊತ್ತಾಗಿತ್ತು, ಅಳಿಸಲು ಸಮಯವಿರಲಿಲ್ಲ. ಬಾಗಿಲು ಎಳೆದುಕೊಂಡು ಹೋದ ರಭಸಕ್ಕೆ ಗಂಟೆ ಇನ್ನೂ ಹೊಡೆದುಕೊಳ್ಳುತ್ತಿದೆ ಅನ್ನಿಸುತ್ತಿದೆ.

ಅವರು ಇನ್ನು ಬರುತ್ತಾರೋ ಇಲ್ಲವೋ ತಿಳಿಯದು. ಬಂದರೆ ಯಾವ ಕೈಯಿಂದ ಶುರುಮಾಡಬೇಕು? ಮಾತಾಡಿಸಬೇಕೋ, ಸುಮ್ಮನಿರಬೇಕೋ? ನೀನು ಎಲ್ಲರನ್ನೂ ನಿನ್ನ ತಲೆಯಲ್ಲೇ ಇಟ್ಟುಕೊಂಡು ಹೋಗಿದ್ದೀಯ. ಎರಡು ಸಾಲು ಬರೆದು ಹಾಕು. ಔಷಧಿ ಹಚ್ಚಿಕೊಳ್ಳುವುದು ಬಿಡಬೇಡ.

ನಿನ್ನ ಹಂಗಾಮಿ ಕೆಲಸಗಾರ

*

ಮಾರ್ಚ್ ೧೬, ಭಾನುವಾರ

ಪ್ರೀತಿಯ ಯಜಮಾನಿಗೆ,

ನಿನ್ನ ಕಾರ್ಡು ಬಂದು ಮೂರು ವಾರವಾದರೂ ಉತ್ತರ ತಡವಾಯಿತು, ತಪ್ಪಾಯಿತು. ಅದನ್ನು ದೀಪದ ಮೇಲಿನ ಗೋಡೆಗೆ ಪಿನ್ನು ಚುಚ್ಚಿ ಹಾಕಿದ್ದೇನೆ. ಎಷ್ಟು ಸಲ ಓದಿದ್ದೇನೆಂದರೆ ಈಗ ಕಣ್ಣು ಮುಚ್ಚಿ ಒಪ್ಪಿಸಬಲ್ಲೆ. "ಉಗುರು ಬೋರ್ಡಲ್ಲ. ಹಾಕಿಸಿಕೊಂಡವಳು ನೋಡಿಕೊಂಡು ಖುಷಿಪಡುವುದಕ್ಕೆ. ಬ್ಯಾಂಕಿನಮ್ಮನಿಗೆ ಎಡಗೈಯಿಂದ ಶುರುಮಾಡಿ, ಬಲಗೈ ಅವರ ಫೋನಿಗೆ ಬೇಕು. ಉಗುರು ಕಚ್ಚುವ ನಮ್ಮ ಕಾಲೇಜು ಹುಡುಗಿ ಅಳಿಲನ್ನು ಬೈಯಬೇಡಿ. ಪಕ್ಕದಂಗಡಿಯ ದರ್ಜಿಯಮ್ಮನ ಬಲ ತೋರುಬೆರಳ ತುದಿ ಒತ್ತಬೇಡಿ, ಸೂಜಿ ಚುಚ್ಚಿ ಚುಚ್ಚಿ ನೋಯುತ್ತದೆ." ಇಷ್ಟೇ. ನಿನ್ನ ಬೆರಳುಗಳ ವಿಷಯ ಒಂದಕ್ಷರ ಇಲ್ಲ. ಗಿರಾಕಿಯ ಬೆರಳ ತುದಿಯ ಮೇಲಿರುವ ಕಾಳಜಿಯಲ್ಲಿ ಚೂರು ಗಂಡನ ಮೇಲೂ ಇಟ್ಟು, ಗುಳ್ಳೆ ಮಾಗಿದೆಯೋ ಇಲ್ಲವೋ ಬರೆಯಬಾರದಿತ್ತೇ?

ಕೆಟ್ಟ ಸುದ್ದಿ ಮೊದಲು. ಮೂವತ್ತೆಂಟರಲ್ಲಿ ಹನ್ನೊಂದು ಜನ ಹೋದರು. ಕೆಲವರು ಸರ್ಕಲ್ಲಿನ ಹತ್ತಿರದ ಗಾಜಿನ ಬಾಗಿಲಿನ ದೊಡ್ಡ ಸಲೂನಿಗೆ. ಅಲ್ಲಿ ಕಾಫಿ ಬಿಟ್ಟಿ, ಕಾಲಿಗೆ ಬಿಸಿನೀರು ಬಿಟ್ಟಿ, ನಗುವೂ ಬಿಟ್ಟಿಯಂತೆ. ಇನ್ನು ಕೆಲವರಿಗೆ ಗಂಡಸಿನ ಮುಂದೆ ಕೈ ಚಾಚಿ ಕೂರುವುದು ಮುಜುಗರ. ಅವರದ್ದು ತಪ್ಪು ಅನ್ನಲಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನಾನೇ ಆದೆನಲ್ಲ ಎಂದು ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತಿದ್ದೆ.

ಬಾಗಿಲು ದಬದಬ ಬಡಿದವರು ದರ್ಜಿಯಮ್ಮ. "ಗಿರಾಕಿ ಬರಲ್ಲ ಅಂತ ಬಾಗಿಲು ಹಾಕಿದ್ರೆ, ಬರೋರು ಗೋಡೆ ಹಾರಿ ಬರ್ಬೇಕಾ?" ಎಂದು ಬೈದು, ಮೊದಲು ಆ ಕಿಟಕಿಯ ಪರದೆ ಕಿತ್ತು ಹಾಕಿಸಿದರು. ಬೀದಿಗೆಲ್ಲ ಒಳಗಿರುವುದು ಕಾಣಬೇಕಂತೆ. ಆಮೇಲೆ ತಮ್ಮ ಹೊಲಿಗೆಯ ಗಂಟನ್ನೇ ಇಲ್ಲಿಗೆ ತಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಮೂರು ವಾರ ಇಲ್ಲೇ ಅಂಚು ಹೊಲಿದರು. ಬಾಗಿಲಲ್ಲಿ ಯಾರಾದರೂ ಹಿಂದೆಮುಂದೆ ನೋಡಿದರೆ ಸಾಕು, "ಬಾರಮ್ಮ, ನಾನಿಲ್ಲೇ ಇದ್ದೀನಿ. ಇವರು ಬಾಯಿಗಿಂತ ಕುಂಚ ಚೆನ್ನಾಗಿ ಆಡಿಸ್ತಾರೆ" ಅನ್ನುವರು. ಹೊಗಳಿದ್ದೋ ತೆಗಳಿದ್ದೋ ಗೊತ್ತಾಗಲಿಲ್ಲ, ಆದರೆ ಜನ ಬಂದರು.

ಒಳ್ಳೆಯ ಸುದ್ದಿ ಕೇಳು. ಬ್ಯಾಂಕಿನಮ್ಮ ಬಂದರು! ಅಳಿಸಿಕೊಳ್ಳಲು ಬಂದರೇನೋ ಅಂದುಕೊಂಡು ಹತ್ತಿಯ ಡಬ್ಬಿ ಹಿಡಿದು ನಿಂತೆ. ಅವರು ಕೂತು, ಎಡಗೈ ಮುಂದಿಟ್ಟು, "ಈ ಸಲ ಹಕ್ಕಿ ಹಾಕಿ. ಆದ್ರೆ ಹೋದ ಸಲದ ಥರಾನೇ, ಎದುರಿಗಿರೋರಿಗೆ ನೇರವಾಗಿ ಕಾಣೋ ಹಾಗೆ" ಅಂದರು. ಯಾಕೆ ಎಂದರೆ ನಗು. "ಕೌಂಟರ್ ಆಚೆ ಒಬ್ರು ಅಜ್ಜ ಕೂಗಾಡ್ತಾ ಬಂದ್ರು. ಫಾರ್ಮ್ ಕೊಡೋಕೆ ಅಂತ ಕೈ ಇಟ್ಟೆ ನೋಡಿ, ಬೈಯೋದು ನಿಲ್ಲಿಸಿ ದೋಣಿ ಎಣಿಸೋಕೆ ಶುರುಮಾಡಿದ್ರು. ಒಂಬತ್ತೋ ಹತ್ತೋ ಅಂತ ನನ್ನನ್ನೇ ಕೇಳಿದ್ರು." ಹಾಗಾಗಿ, ಯಜಮಾನಿ, ಒಬ್ಬರಿಗಾದರೂ ಉಗುರು ಬೋರ್ಡೇ ಆಯಿತು. ನೀನು ಸೋತೆ ಅಂತ ಹೇಳುತ್ತಿಲ್ಲ. ಉಳಿದ ಇಪ್ಪತ್ತಾರು ಜನರ ವಿಷಯದಲ್ಲಿ ನೀನೇ ಗೆದ್ದಿದ್ದೀಯ. ಈಗ ಚಿತ್ರ ಬಿಡಿಸುವ ಮೊದಲು ಎದ್ದು ಹೋಗಿ ಅವರ ಬೆನ್ನ ಹಿಂದೆ ನಿಂತು, ಅವರ ಭುಜದ ಮೇಲಿನಿಂದ ಅವರ ಕೈಯನ್ನು ನೋಡುತ್ತೇನೆ. ಅಲ್ಲಿಂದ ಕಾಣುವ ಕೈಯೇ ಬೇರೆ.

ಅಳಿಲನ್ನು ಬೈಯಲಿಲ್ಲ. ಪರೀಕ್ಷೆಗೆ ಓದುತ್ತಾ ಹತ್ತು ಉಗುರನ್ನೂ ಬುಡದವರೆಗೆ ಕಚ್ಚಿಕೊಂಡು ಬಂದಿದ್ದಾಳೆ, ಬಣ್ಣ ಹಚ್ಚಲು ಜಾಗವೇ ಇಲ್ಲ. "ಅಂಕಲ್, ಇದಕ್ಕೆ ಏನ್ ಮಾಡ್ತೀರಾ ನೀವು?" ಎಂದು ಅವಳೇ ನಕ್ಕಳು, ಕಣ್ಣಲ್ಲಿ ನೀರಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಿದೆ, ಅಷ್ಟೇ. ಹಳೆಯ ರಟ್ಟಿನ ಚೂರಿನ ಮೇಲೆ ಅವಳ ಕೈಯ ಗೆರೆ ತೆಗೆದು, ಒಂದೊಂದು ಉಗುರಿನ ಉದ್ದಕ್ಕೆ ಸೀಸದಕಡ್ಡಿಯಲ್ಲಿ ಗುರುತು ಹಾಕಿದೆ. ಪ್ರತಿ ಶುಕ್ರವಾರ ಬಂದು ಕೈಯನ್ನು ರಟ್ಟಿನ ಮೇಲಿಟ್ಟು ನೋಡುತ್ತಾಳೆ. ಹೋದ ವಾರ ಕಿರುಬೆರಳು ಗೆರೆ ದಾಟಿತ್ತು. ಅವಳು ಕುಣಿದ ಕುಣಿತಕ್ಕೆ ದರ್ಜಿಯಮ್ಮನ ಗುಂಡಿಯ ಡಬ್ಬಿ ಉರುಳಿ, ಮೂವರೂ ನೆಲದ ಮೇಲೆ ಕೂತು ಗುಂಡಿ ಹೆಕ್ಕಿದೆವು.

ಆ ರಟ್ಟು ಈಗ ಎಲ್ಲರಿಗೂ ಮಾಡಿದ್ದೇನೆ. ನಿನ್ನಷ್ಟು ನೆನಪು ನನಗಿಲ್ಲ, ಬರೆಯದಿದ್ದರೆ ನನ್ನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಒಬ್ಬೊಬ್ಬರಿಗೂ ಒಂದು ಕೈ, ಅದರೊಳಗೆ ಹಚ್ಚಿದ ಬಣ್ಣ, ಬೇಡವೆಂದ ಬಣ್ಣ, ಯಾವ ಉಗುರು ಬೇಗ ಬಿರಿಯುತ್ತದೆ, ಯಾರಿಗೆ ಮಗನ ಮಾತೆತ್ತಿದರೆ ಸಂತೋಷ, ಯಾರಿಗೆ ಎತ್ತಬಾರದು. ಹೋಗುವ ಮೊದಲೇ ಮುಂದಿನ ದಿನ ಗೊತ್ತುಮಾಡಿಸುತ್ತೇನೆ. ಒಂದು ವಾರದೊಳಗೆ ಬಣ್ಣ ಎದ್ದರೆ, ಕಾರಣ ಕೇಳದೆ ಸರಿಮಾಡಿಕೊಡುತ್ತೇನೆ. ಇವೆಲ್ಲ ನೀನು ಮಾಡುತ್ತಿದ್ದದ್ದೇ. ನನಗೆ ಒಂದು ವಿಷಯ ಮಾತ್ರ ಹೊಸದು. ಅರ್ಧ ಗಂಟೆ ಕೈ ಇನ್ನೊಬ್ಬರ ವಶದಲ್ಲಿದ್ದರೆ ಮನುಷ್ಯರು ನಿಧಾನಕ್ಕೆ ಹಗುರಾಗುತ್ತಾರೆ. ಫೋನು ಹಿಡಿಯುವಂತಿಲ್ಲ, ಮೂಗು ತುರಿಸುವಂತಿಲ್ಲ, ಎಲ್ಲಿಗೂ ಓಡುವಂತಿಲ್ಲ. ಮೊದಲು ಮಾತು, ಆಮೇಲೆ ಆಕಳಿಕೆ, ಆಮೇಲೆ ಕಣ್ಣು ಕಿಟಕಿಯ ಆಚೆ ಎಲ್ಲೋ ತೇಲುತ್ತದೆ. ಅವರು ಬರುವುದು ಬಣ್ಣಕ್ಕಲ್ಲ ಅನ್ನಿಸುತ್ತದೆ ನನಗೆ. ಆ ತೇಲುವುದಕ್ಕೆ.

ನನಗೂ ಹಗಲಲ್ಲೇ ತೂಕಡಿಕೆ. ಮೊನ್ನೆ ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಹತ್ತಿ ಒಂದು ಕನಸು. ಐವತ್ತು ಅಡಿ ಎತ್ತರದ ಒಂದು ಹೆಬ್ಬೆರಳು ಬೀದಿಯ ಕೊನೆಯಲ್ಲಿ ನಿಂತಿದೆ. ಅದರ ಉಗುರಿಗೆ ಏಣಿ ಹಾಕಿ ನಾನು ತಿಳಿಗುಲಾಬಿ ಬಳಿಯುತ್ತಿದ್ದೇನೆ. ಬಣ್ಣದ ಬಕೆಟ್ಟು ಖಾಲಿಯಾಗುವುದೇ ಇಲ್ಲ, ಬಿಸಿಲು ಇಳಿಯುವುದೇ ಇಲ್ಲ. ಕೆಳಗಿನಿಂದ ನೀನು, "ಅಂಚು ಬಿಡಿ, ಚರ್ಮಕ್ಕೆ ತಾಗಿಸಬೇಡಿ" ಅನ್ನುತ್ತಿದ್ದೀಯ. ಇಳಿದು ನೋಡೋಣವೆಂದರೆ ಏಣಿಗೆ ಕೊನೆಯೇ ಇಲ್ಲ. ಎಚ್ಚರವಾದಾಗ ಬಾಯಿ ಒಣಗಿತ್ತು. ದರ್ಜಿಯಮ್ಮ ನೀರು ಕೊಟ್ಟು, ಏನೂ ಕೇಳದೆ ಹೊಲಿಗೆಗೆ ಕೂತರು.

ಲೈಬ್ರರಿಯ ಮೇಡಂಗೆ ಉಗುರಿನ ತುದಿ ದುಂಡಗೋ ಚೌಕವೋ? ತಪ್ಪದೆ ಬರೆ.

ನಿನ್ನ ಹಂಗಾಮಿ ಕೆಲಸಗಾರ

*

ಜುಲೈ ೬, ಭಾನುವಾರ

ಪ್ರೀತಿಯ ಯಜಮಾನಿಗೆ,

ಈ ಸಲದ ತಡಕ್ಕೆ ನೆಪ ಹೇಳುವುದಿಲ್ಲ. ನಿನ್ನ ಕಾರ್ಡು ಬಂದದ್ದು ಜೂನ್ ಮೊದಲ ವಾರ. ದಿನಾ ಪೆನ್ನು ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ. ನಿನಗೂ ಅಕ್ಕನಿಗೂ ಜ್ವರ ಬಂದಿತ್ತಂತೆ, ಭಾವ ಫೋನಿನಲ್ಲಿ ಹೇಳಿದರು. ಈಗ ಇಬ್ಬರೂ ಎದ್ದು ಓಡಾಡುತ್ತಿದ್ದೀರಿ ಎಂದು ಕೇಳಿ ಸಮಾಧಾನವಾಯಿತು.

ಎಡವಟ್ಟು ಮಾಡಿದವನು ನಾನೇ. ಮೇ ತಿಂಗಳ ಕಾಗದದಲ್ಲಿ ಎಷ್ಟು ಜಂಬದಿಂದ ಬರೆದೆ! ಹೋದ ಹನ್ನೊಂದರಲ್ಲಿ ಏಳು ಜನ ವಾಪಸು ಬಂದರು, ದೊಡ್ಡ ಸಲೂನಿನಲ್ಲಿ ಪ್ರತಿ ಸಲ ಬೇರೆ ಬೇರೆ ಹುಡುಗಿ ಕೈ ಹಿಡಿಯುತ್ತಾಳೆ, ಅವರ ಹೆಸರೂ ಕೇಳುವುದಿಲ್ಲವಂತೆ, ಹೊಸಬರು ಒಂಬತ್ತು ಜನ ಸೇರಿದರು, ಒಟ್ಟು ನಲವತ್ತಮೂರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬ್ಯಾಂಕಿನಮ್ಮ ಹೇಳಿದ್ದನ್ನೂ ಬರೆದುಬಿಟ್ಟೆ. "ಅವ್ರು ಬರೋದು ತಡ ಆದ್ರೂ ಪರವಾಗಿಲ್ಲ ಅಣ್ಣ, ನಮಗೀಗ ನಿಮ್ಮ ಕೈ ಒಗ್ಗಿದೆ." ನಾನು ಅದನ್ನು ಪರೀಕ್ಷೆಯ ಅಂಕಪಟ್ಟಿಯ ಹಾಗೆ ನಿನ್ನ ಮುಂದೆ ಹಿಡಿದೆ. ನಿನ್ನ ಉತ್ತರ ಮೂರು ಸಾಲು. "ಅವರೀಗ ನಿಮ್ಮ ಗಿರಾಕಿಗಳು. ಅಕ್ಕನಿಗೆ ಪರಿಚಯದ ಶಾಲೆಯ ಆಫೀಸಿನಲ್ಲಿ ಆಗಸ್ಟಿನಿಂದ ನನಗೆ ಕೆಲಸ ಸಿಕ್ಕಿದೆ. ಬೋರ್ಡಿನಿಂದ ನನ್ನ ಹೆಸರು ತೆಗೆದುಬಿಡಿ."

ನನ್ನ ಲೆಕ್ಕಾಚಾರ ನೋಡು. ಗಿರಾಕಿಗಳನ್ನು ಉಳಿಸಿದರೆ ನೀನು ಬರುತ್ತೀಯ ಅಂದುಕೊಂಡೆ. ಒಬ್ಬೊಬ್ಬರು ಉಳಿದ ಹಾಗೆಲ್ಲ ನೀನು ಬರಬೇಕಾದ ಕಾರಣ ಒಂದೊಂದಾಗಿ ಕಡಿಮೆಯಾಗುತ್ತಾ ಹೋದದ್ದು ಈ ಮರದ ತಲೆಗೆ ತಿಳಿಯಲಿಲ್ಲ.

ಹೆಸರು ತೆಗೆಯಲು ಏಣಿ ಹತ್ತಿದೆ, ಸುಳ್ಳು ಹೇಳುವುದಿಲ್ಲ. ಒಂದು ಕೈಯಲ್ಲಿ ಸಾಣೆಕಾಗದ, ಒಂದು ಕೈಯಲ್ಲಿ ಬಿಳಿ ಬಣ್ಣ. ಹನ್ನೊಂದು ವರ್ಷದ ಹಿಂದೆ ಬರೆದ ಅಕ್ಷರ. ಮೊದಲ ಅಕ್ಷರದ ಹೊಟ್ಟೆ ಸ್ವಲ್ಪ ದಪ್ಪವಾಯಿತೆಂದು ನೀನು ಕೆಳಗೆ ನಿಂತು ತಕರಾರು ಮಾಡಿದ್ದೆ, ನಾನು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಬೆಳಗಿನ ಹೊತ್ತು, ಬೀದಿ ಇನ್ನೂ ಪೂರ್ತಿ ಎದ್ದಿರಲಿಲ್ಲ. ಮೊದಲ ಬಿಸಿಲು ಬಂದು ಆ ದಪ್ಪ ಹೊಟ್ಟೆಯ ಮೇಲೆ ಕೂತಿತು. ನಾನು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಕನಸಿನ ಏಣಿಯ ಮೇಲೆ ನಿಂತ ಹಾಗೆಯೇ ಇತ್ತು, ಆದರೆ ಕೆಳಗೆ ನೀನಿರಲಿಲ್ಲ.

ಅಳಿಲು ಕಾಲೇಜಿಗೆ ಹೊರಟವಳು ನಿಂತಳು. "ಅಂಕಲ್, ಅಂಗಡಿ ಮುಚ್ತೀರಾ?"

"ಇಲ್ಲಮ್ಮ. ಧೂಳು ಒರೆಸ್ತಿದ್ದೀನಿ."

"ಸಾಣೆಕಾಗದದಲ್ಲಾ?"

ಈಗಿನ ಮಕ್ಕಳಿಗೆ ಏನೂ ಮುಚ್ಚಿಡಲಾಗುವುದಿಲ್ಲ. ಇಳಿದು ಬಂದೆ. ಅವಳು ಹತ್ತು ಬೆರಳನ್ನೂ ನನ್ನ ಮುಂದೆ ಹರಡಿ ತೋರಿಸಿದಳು. ಹತ್ತೂ ಗೆರೆ ದಾಟಿವೆ. "ಆಂಟಿಗೆ ಹೇಳಿ, ಪ್ಲೀಸ್" ಅಂದಳು. ಹೇಳಿದ್ದೇನೆ.

ಅಂದು ಮಧ್ಯಾಹ್ನ ದರ್ಜಿಯಮ್ಮ ಸೂಜಿಗೆ ದಾರ ಪೋಣಿಸುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಏನ್ ಮಾಡಿದ್ರಿ ಅವಳಿಗೆ?"

"ಕೈಗೆ ಅಲರ್ಜಿ ಆಯ್ತಲ್ಲ, ನಿಮಗೂ ಗೊತ್ತು."

"ಕೈಗೆ ಆಗಿದ್ದು ನಂಗೆ ಗೊತ್ತು. ನೀವ್ ಏನ್ ಮಾಡಿದ್ರಿ ಅಂತ ಕೇಳ್ತಿದ್ದೀನಿ. ಕೈ ನೋಯೋಳು ಗಂಡನ ಹತ್ರ ಇರ್ತಾಳೆ. ಅಕ್ಕನ ಮನೇಲಿ ಏಳು ತಿಂಗಳು ಯಾಕಿರ್ತಾಳೆ?"

ನಾನು ಬಾಟಲಿಗಳ ಮುಚ್ಚಳ ತಿರುಗಿಸತೊಡಗಿದೆ. ಅವರು ದಾರ ಕಚ್ಚಿ ತುಂಡು ಮಾಡಿ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ ಅಂತಾರಲ್ಲ, ಹಾಗಿದೆ ನಿಮ್ದು. ಒಂದು ಮಾತಲ್ಲಿ ಮುಗಿಯೋದಕ್ಕೆ ನಲವತ್ತು ಜನ ಹೆಂಗಸರನ್ನ ಗುಡ್ಡೆ ಹಾಕಿದ್ದೀರಾ" ಅಂದರು. ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು. ಆಮೇಲೆ ಈ ಕಾಗದಕ್ಕೆ ಕೂತೆ.

ಇನ್ನು ಕೆಲವು ನಿಜಗಳನ್ನು ಒಪ್ಪಿಸಿಬಿಡುತ್ತೇನೆ. ಲೈಬ್ರರಿಯ ಮೇಡಂಗೆ ಚೌಕವೇ ಬೇಕು ಎಂದು ನನಗೆ ಗೊತ್ತಿತ್ತು. ಯಾರಿಗೆ ಯಾವ ಬಣ್ಣ, ಯಾರ ಹೆಬ್ಬೆರಳು ಸೊಟ್ಟ, ಎಲ್ಲವೂ ಅವರೇ ಬಾಯಿಬಿಟ್ಟು ಹೇಳುತ್ತಾರೆ, ಕೇಳಿದರೆ ಸಾಕು. ಒಂದೊಂದು ಕಾಗದದಲ್ಲಿ ಒಂದೊಂದು ಪ್ರಶ್ನೆ ಸೇರಿಸಿದ್ದು ನಿನ್ನ ಉತ್ತರ ಬರಲಿ ಎಂದು. ನಿನ್ನ ಕೈಬರಹ ನೋಡಿ, ಪೆನ್ನು ಹಿಡಿಯುವಷ್ಟು ಬೆರಳು ಮಾಗಿದೆ ಎಂದು ನಾನೇ ತಿಳಿದುಕೊಳ್ಳುತ್ತಿದ್ದೆ. ಏಪ್ರಿಲ್ ಕಾರ್ಡಿನಲ್ಲಿ ಅಕ್ಷರ ನಡುಗಿರಲಿಲ್ಲ. ಅಂದು ದರ್ಜಿಯಮ್ಮನಿಗೂ ನನಗೂ ಕಾಫಿ ತರಿಸಿ, ಕಾರಣ ಹೇಳದೆ ಕುಡಿದೆ.

ಶಾಲೆಯ ಕೆಲಸ ನಿನಗೆ ಹಿಡಿಸಿದರೆ ಮಾಡು. ಮಕ್ಕಳ ಗಲಾಟೆ ನಿನಗೆ ಎಂದೂ ಬೇಸರವಲ್ಲ. ಬೇಡವೆನ್ನಿಸಿದರೆ ಬಾ. ಗಿರಾಕಿಗಳಿಗಾಗಿ ಬಾ ಎಂದು ಇನ್ನು ಬರೆಯುವುದಿಲ್ಲ, ಅವರು ಚೆನ್ನಾಗಿಯೇ ಇದ್ದಾರೆ. ಚೆನ್ನಾಗಿಲ್ಲದವನು ನಾನು. ಊಟಕ್ಕೆ ಕೂತರೆ ಎದುರು ಕುರ್ಚಿಯನ್ನು ನೋಡದೆ ತಟ್ಟೆಯನ್ನೇ ನೋಡುತ್ತೇನೆ. ಬಟ್ಟೆ ಮಡಿಸುವಾಗ ಎರಡನೆಯ ತುದಿ ಹಿಡಿಯುವವರಿಲ್ಲ. ಹೊದಿಕೆಯನ್ನು ಗದ್ದಕ್ಕೆ ಸಿಕ್ಕಿಸಿಕೊಂಡು ಮಡಿಸುವುದನ್ನು ಕಲಿತಿದ್ದೇನೆ, ಅದು ಕಲಿಯಬಾರದ ವಿದ್ಯೆ. ಬೋರ್ಡಿನಲ್ಲಿ ನಿನ್ನ ಹೆಸರು ಹಾಗೇ ಇದೆ. ತೆಗೆಯಲು ನನ್ನಿಂದ ಆಗುವುದಿಲ್ಲ. ಬೇಕಾದರೆ ನೀನೇ ಬಂದು ಅಳಿಸು, ಏಣಿ ಹಿಡಿದುಕೊಳ್ಳುತ್ತೇನೆ.

ನಿನ್ನ ಬೆರಳ ತುದಿಗಳಿಗೆ ಹೊಸ ಚರ್ಮ ಬರಲಿ, ಅದು ಎಂದೂ ಉರಿಯದಿರಲಿ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ ನಿನ್ನದಾಗಲಿ. ಅಕ್ಕನ ಮಂಡಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನವನು

ತಾ.ಕ.: ಇದು ಮರೆತು ಕೊನೆಗೆ ಸೇರಿಸುತ್ತಿರುವ ಮಾತಲ್ಲ. ಮೇಲೆ ಬರೆಯಲು ಮೂರು ಸಲ ಪ್ರಯತ್ನಿಸಿ ಮೂರು ಹಾಳೆ ಹರಿದೆ. ನಾಲ್ಕು ವರ್ಷದ ಹಿಂದೆ, ಜೆಲ್ ಕೆಲಸ ಹೊಸದಾಗಿ ಶುರುಮಾಡಿದಾಗ, ಬೆರಳ ತುದಿ ತುರಿಸುತ್ತದೆ ಎಂದು ನೀನು ಒಂದು ಡಬ್ಬ ಗ್ಲೌಸ್ ತರಿಸಿದ್ದೆ. ಹಾಕಿಕೊಂಡು ನನಗೆ ತೋರಿಸಿದೆ. ನಾನು ನಕ್ಕೆ. "ತೆಗಿಯೇ, ಆಸ್ಪತ್ರೆ ಥರ ಕಾಣುತ್ತೆ. ನೀನು ಬರಿಗೈಲಿ ಕೈ ಹಿಡಿತೀಯ ಅಂತಾನೇ ಅವ್ರು ಬರೋದು. ಗ್ಲೌಸ್ ಹಾಕಿದ್ರೆ ಒಬ್ರೂ ಬರಲ್ಲ" ಅಂದೆ. ಎಷ್ಟೋ ಅಂಗಡಿಗಳಿಗೆ ಬೋರ್ಡು ಬರೆದವನು, ವ್ಯಾಪಾರ ಬಲ್ಲವನು ಎಂದು ನೀನು ನನ್ನ ಮಾತು ನಂಬಿದೆ. ಎರಡನೆಯ ಮಾತಾಡದೆ ತೆಗೆದು, ಡಬ್ಬವನ್ನು ಅಟ್ಟದ ಮೇಲಿಟ್ಟೆ.

ನೀನು ಹೊರಟುಹೋದ ಆ ಮಂಗಳವಾರ, ಲೈಬ್ರರಿಯ ಮೇಡಂ ನನ್ನ ಮೊದಲ ಗಿರಾಕಿಯಾಗಿ ಕೂತಿದ್ದರು. ಬರಿಗೈಲಿ ಜೆಲ್ ಮುಟ್ಟಿ ಮುಟ್ಟಿಯೇ ನಿನಗೆ ಹೀಗಾಯಿತೆಂದು ಡಾಕ್ಟರು ಹೇಳಿದ್ದಾರಲ್ಲ ಎಂದು ನಾನು ಯೋಚನೆಯೇ ಮಾಡದೆ ಆ ಡಬ್ಬ ಇಳಿಸಿ, ಒಂದು ಜೊತೆ ತೆಗೆದು ಹಾಕಿಕೊಂಡೆ. ಮೇಡಂ ಏನೂ ಅನ್ನದೆ ಕೈ ಮುಂದಿಟ್ಟರು. ನೀನು ನನ್ನ ಕೈಗಳನ್ನು ನೋಡಿದೆ, ಪಟ್ಟಿ ಸುತ್ತಿದ ನಿನ್ನ ಬೆರಳುಗಳನ್ನು ನೋಡಿಕೊಂಡೆ, ಎದ್ದು ಒಳಗೆ ಹೋಗಿ ಬಟ್ಟೆ ತುಂಬಿಕೊಂಡೆ. ಯಾಕೆಂದು ನನಗೆ ಆಗಲೇ ಗೊತ್ತಿತ್ತು. ನಾನು ಕೆಲಸ ನಿಲ್ಲಿಸಲಿಲ್ಲ.

ಇವತ್ತಿಗೂ ಗ್ಲೌಸ್ ಹಾಕಿಕೊಂಡೇ ಕೂರುತ್ತೇನೆ. ಏಳು ತಿಂಗಳಲ್ಲಿ ನಲವತ್ತಮೂರು ಜನರಲ್ಲಿ ಒಬ್ಬರೂ ಯಾಕೆಂದು ಕೇಳಿಲ್ಲ.